ಲ್ಯಾಪ್‌ಟಾಪಿಂದ ಸ್ಟೀರಿಯೊಗೆ: ಕೇಬಲ್‌ಗೆ ಎಷ್ಟು ದುಡ್ಡು ಹಾಕಬೇಕು?

ನಮಸ್ಕಾರ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾದರೆ ಜಗಳ ಆಡೋಣ. ಲ್ಯಾಪ್‌ಟಾಪನ್ನು ಮನೆಯ ಸ್ಟೀರಿಯೊಗೆ ಸೇರಿಸಲು 200–300 ರೂಪಾಯಿಯ ಕೇಬಲ್ ಸಾಕು. 2,000ದ ಕೇಬಲ್ ಸುಮ್ನೆ ದಂಡ. ಚಿನ್ನದ ಲೇಪನ ಇದ್ದರೆ ಪಿನ್ ಕಿಲುಬು ಹಿಡಿಯುವುದಿಲ್ಲ, ಒಪ್ಪಿದೆ. ಹಾಡೇನೂ ಅದರಿಂದ ಇಂಪಾಗುವುದಿಲ್ಲ.

ನಮ್ಮ ಮೈಸೂರಿನ ಎಷ್ಟೋ ಮನೆಗಳ ಹಾಲ್‌ನಲ್ಲಿ ಇವತ್ತಿಗೂ ಒಂದು ಹಳೇ ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್ ಇರುತ್ತವೆ. ಸ್ಪೀಕರ್ ಮೇಲೆ ಕಸೂತಿ ಬಟ್ಟೆ, ದಸರಾ ಬಂದರೆ ಎರಡು ಗೊಂಬೆ. ಟೇಪ್ ಕೆಟ್ಟು ಯಾವ ಕಾಲವಾಯ್ತೋ, ಆಂಪ್ ಮಾತ್ರ ಗಟ್ಟಿಮುಟ್ಟಾಗಿದೆ. ಅದನ್ನು ಗುಜರಿಗೆ ಹಾಕಬೇಡಿ. 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರುಮಾಡಿದ ಊರು ಇದು. ನಾವು ಒಂದು ಕೇಬಲ್‌ಗೆ ಹೆದರಬೇಕಾ?

ಅಂಗಡಿಗೆ ಹೋಗಿ "ಒಳ್ಳೇ ಕೇಬಲ್ ಕೊಡಿ" ಅನ್ನಬೇಡಿ. ಹಾಗಂದರೆ ಅವರು ದುಬಾರಿಯದನ್ನೇ ತೆಗೆಯುತ್ತಾರೆ, ಅದು ಅವರ ವ್ಯಾಪಾರ. "ಅಣ್ಣಾ, ಒಂದು ಕಡೆ ಹೆಡ್‌ಫೋನ್ ಪಿನ್, ಇನ್ನೊಂದು ಕಡೆ ಕೆಂಪು-ಬಿಳಿ ಎರಡು ಪಿನ್, ಮೂರು ಮೀಟರ್" ಅನ್ನಿ. ಇದಕ್ಕೆ 3.5 ಎಂಎಂ ಟು ಆರ್‌ಸಿಎ ಅಂತಾರೆ. ಉದ್ದವನ್ನು ಅಂದಾಜಿನ ಮೇಲೆ ಹೇಳಬೇಡಿ. ಮೇಜಿನಿಂದ ಗೋಡೆ ಬದಿಯಲ್ಲೇ ಒಂದು ದಾರ ಹಿಡಿದು ಅಳೆಯಿರಿ. ಕೇಬಲ್ ಬಿಗಿಯಾಗಿ ನಿಂತರೆ ಜಾಕ್ ಹಾಳಾಗುತ್ತದೆ, ಲ್ಯಾಪ್‌ಟಾಪ್ ಜಾಕ್ ರಿಪೇರಿಗೆ ಕೇಬಲ್‌ಗಿಂತ ಜಾಸ್ತಿ ದುಡ್ಡು ಬೇಕು.

ಕೈಗೆ ಕೊಟ್ಟ ಮೇಲೆ ಪಿನ್ ನೋಡಿ. ಅದರ ಮೇಲೆ ತೆಳ್ಳಗಿನ ಉಂಗುರದ ಗೆರೆಗಳಿರುತ್ತವೆ. ಎರಡು ಗೆರೆ ಇದ್ದರೆ ಸ್ಟೀರಿಯೊ, ನಮಗೆ ಬೇಕಾದದ್ದು ಅದೇ. ಮೂರು ಗೆರೆ ಇದ್ದರೆ ಮೈಕ್‌ಗೋ ವಿಡಿಯೋಗೋ ಒಂದು ದಾರಿ ಸೇರಿಸಿದ್ದಾರೆ ಅಂತ. ಅದನ್ನು ತಂದು ಹಾಕಿದರೆ ಕೆಲವೊಮ್ಮೆ ತಮಾಷೆ ಆಗುತ್ತದೆ: ವಾದ್ಯಗಳೆಲ್ಲ ಕೇಳುತ್ತವೆ, ಹಾಡುವವರ ದನಿ ಮಾತ್ರ ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ. ಗ್ರೌಂಡ್, ಅಂದರೆ ಎಡ-ಬಲ ಎರಡಕ್ಕೂ ಸೇರಿದ ವಾಪಸ್ ದಾರಿ, ಸರಿಯಾಗಿ ತಾಗದಿದ್ದರೆ ಎಡ-ಬಲಗಳ ವ್ಯತ್ಯಾಸವಷ್ಟೇ ಉಳಿಯುತ್ತದೆ, ಎರಡರಲ್ಲೂ ಸಮನಾಗಿರುವ ದನಿ ಕಳೆದುಹೋಗುತ್ತದೆ. ಪಿನ್ ಅರ್ಧ ಹೋಗಿ ನಿಂತರೂ ಇದೇ ಕಥೆ. ಸ್ಪೀಕರ್ ಕೆಟ್ಟಿತು ಅಂತ ಬಿಚ್ಚಲು ಹೋಗುವ ಮೊದಲು ಒಮ್ಮೆ ಒತ್ತಿ ನೋಡಿ.

ಆಂಪ್ ಹಿಂದೆ ಆಕ್ಸ್, ಸಿಡಿ, ಟೇಪ್ ಇನ್, ಯಾವುದಕ್ಕಾದರೂ ಹಾಕಿ, ಎಲ್ಲಾ ಒಂದೇ. ಫೋನೊ ಅಂತ ಬರೆದಿದ್ದರೆ ಮಾತ್ರ ಕೈ ಹಾಕಬೇಡಿ. ಅದು ಗ್ರಾಮಫೋನ್ ತಟ್ಟೆಯ ಸಣ್ಣ ಸಿಗ್ನಲ್ಲಿಗೆ ಮಾಡಿದ್ದು, ಲ್ಯಾಪ್‌ಟಾಪ್ ಹಾಕಿದರೆ ಬರೀ ಗಡಗಡ.

ಈಗ ಅಸಲು ತಲೆನೋವು. ಎಲ್ಲಾ ಸರಿಯಾಗಿ ಹಾಕಿದ್ದೀರಿ, ಸ್ಪೀಕರ್‌ನಲ್ಲಿ "ಗುಂಯ್" ಅಂತ ಒಂದೇ ಸಮನೆ ಸದ್ದು. ಜನ ಕೇಬಲ್‌ನ ತಪ್ಪು ಅಂದುಕೊಂಡು ಇನ್ನೂ ದುಬಾರಿಯದನ್ನು ತರುತ್ತಾರೆ. ಆಮೇಲೂ ಗುಂಯ್. ಚಾರ್ಜರ್ ಕಿತ್ತು, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿ ನೋಡಿ. ಸದ್ದು ನಿಂತಿತಾ? ಹಾಗಾದರೆ ಅದು ಗ್ರೌಂಡ್ ಲೂಪ್. ಲ್ಯಾಪ್‌ಟಾಪ್‌ಗೂ ಆಂಪ್‌ಗೂ ಬೇರೆ ಬೇರೆ ದಾರಿಯಲ್ಲಿ ಅರ್ಥಿಂಗ್ ಸಿಕ್ಕಿ, ನಮ್ಮ 50 ಹರ್ಟ್ಸ್ ಕರೆಂಟಿನ ಗುಂಗು ಕೇಬಲ್‌ನ ಹೊದಿಕೆಯಲ್ಲಿ ಸುತ್ತು ಹೊಡೆಯುತ್ತಿದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಒಂದು ಪುಟ್ಟ ಡಬ್ಬಿ ಸಿಗುತ್ತದೆ, ಒಳಗೆ ಸಣ್ಣ ಟ್ರಾನ್ಸ್‌ಫಾರ್ಮರ್. ಕೇಬಲ್ ಮಧ್ಯೆ ಹಾಕಿದರೆ ಆಯ್ತು. ಆದರೆ ಯಾರೋ ಹೇಳಿದರು ಅಂತ ಪ್ಲಗ್ಗಿನ ಅರ್ಥಿಂಗ್ ಪಿನ್ ಮುರಿಯಬೇಡಿ. ಅದು ನಿಮ್ಮ ಜೀವ ಕಾಯಲು ಇರುವುದು, 230 ವೋಲ್ಟ್ ಜೊತೆ ಆಟ ಬೇಡ.

ವಾಲ್ಯೂಮ್ ಬಗ್ಗೆ ಒಂದು ಮಾತು. ಲ್ಯಾಪ್‌ಟಾಪ್‌ನಲ್ಲಿ ಮುಕ್ಕಾಲು ಭಾಗಕ್ಕಿಂತ ಮೇಲಿಡಿ, ಹೆಚ್ಚು ಕಡಿಮೆ ಮಾಡುವುದನ್ನು ಆಂಪ್‌ನಲ್ಲಿ ಮಾಡಿ. ಉಲ್ಟಾ ಮಾಡಿದರೆ ಹಾಡಿನ ಜೊತೆ ಸರಸರ ಸದ್ದೂ ದೊಡ್ಡದಾಗುತ್ತದೆ. ಎಡ-ಬಲ ಸರಿ ಇದೆಯಾ ಅಂತ ನೋಡಲು ಹಳೇ ಆಕಾಶವಾಣಿ ಸಂಗೀತ ಕಛೇರಿಯ ರೆಕಾರ್ಡಿಂಗ್ ಹಾಕಬೇಡಿ, ಅವು ಸಾಮಾನ್ಯವಾಗಿ ಮೊನೊ. ಎರಡೂ ಕಡೆ ಒಂದೇ ಕೇಳಿಸುತ್ತದೆ.

ಇಷ್ಟಾದ ಮೇಲೂ ದುಡ್ಡು ಹಾಕಲೇಬೇಕು ಅಂತ ಕೈ ತುರಿಸುತ್ತಿದ್ದರೆ, ಡಿಜಿಟಲ್ ಹಾಡನ್ನು ಕಂಪ್ಯೂಟರಿನ ಹೊರಗೇ ಸದ್ದಿನ ಸಿಗ್ನಲ್ ಮಾಡಿಕೊಡುವ ಪುಟ್ಟ ಡಬ್ಬಿಯಾದ ಯುಎಸ್‌ಬಿ ಡ್ಯಾಕ್‌ಗೆ ಹಾಕಿ. ಕಂಪ್ಯೂಟರ್ ಒಳಗಿನ ಗಲಾಟೆಯಿಂದ ಸದ್ದು ಕೆಡುವ ಕಡೆ ಅದು ನಿಜವಾಗಿ ಕೆಲಸ ಮಾಡುತ್ತದೆ. ಹೊಸ ಆಂಪ್, ಡೆಸ್ಕ್‌ಟಾಪ್ ಎರಡರಲ್ಲೂ ಆಪ್ಟಿಕಲ್ ಕಿಂಡಿ ಇದ್ದರೆ ಇನ್ನೂ ಸುಲಭ. ತೋಷಿಬಾ 1983ರಲ್ಲಿ ತಂದ ಈ ಆಪ್ಟಿಕಲ್ ಕೇಬಲ್‌ನಲ್ಲಿ ಓಡುವುದು ಬೆಳಕು, ಕರೆಂಟಲ್ಲ. ಗುಂಯ್ ಅನ್ನಲು ದಾರಿಯೇ ಇಲ್ಲ. ತೀರಾ ಮಡಿಸಬೇಡಿ ಅಷ್ಟೇ. ಮತ್ತೆ ತುದಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಅದನ್ನು ತೆಗೆಯದೆ ತುರುಕಿ, ಕೂರುತ್ತಿಲ್ಲ ಅಂತ ಅಂಗಡಿಗೆ ವಾಪಸ್ ಹೋಗಬೇಡಿ.