ಬೆರಳು ಕಾಣುವ ಹಾಗೆ ಕೂರುವವರು

ನಮಸ್ಕಾರ. ಇವತ್ತು ಒಬ್ಬರ ಎಡಗೈ ಬಗ್ಗೆ ಮಾತಾಡಬೇಕು.

ನಾನಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ರಾಲಿ ಹತ್ತಿರ. ಚಿಕ್ಕವನಿದ್ದಾಗ ಮೈಸೂರಿನಲ್ಲಿ ಆರು ವರ್ಷ ಪಿಟೀಲು ಕಲಿತೆ, ಆಮೇಲೆ ಬಿಟ್ಟೆ. ಪೆಟ್ಟಿಗೆ ಮಾತ್ರ ನನ್ನ ಜೊತೆ ದೇಶ ದಾಟಿ ಬಂತು, ಬೀರುವಿನಲ್ಲಿ ಕೂತಿತು. ಒಂದು ಮಂಗಳವಾರ ಸಂಜೆ ಅದನ್ನು ಎತ್ತಿಕೊಂಡು ಒಂದು ವಾದ್ಯದ ಅಂಗಡಿಯ ಹಿಂದಿನ ಕೋಣೆಗೆ ಹೋದೆ. ಅಲ್ಲಿ ಬ್ಲೂಗ್ರಾಸ್ ಜ್ಯಾಮ್. ಬ್ಲೂಗ್ರಾಸ್ ಅಂದರೆ ಅಮೆರಿಕದ ಒಂದು ತಂತಿವಾದ್ಯಗಳ ಸಂಗೀತ, ಜ್ಯಾಮ್ ಅಂದರೆ ಬಂದವರೆಲ್ಲ ಕೂತು ಒಟ್ಟಿಗೆ ನುಡಿಸುವುದು. ಹನ್ನೆರಡು ಜನ ಸುತ್ತ ಕೂತಿದ್ದಾರೆ. ಬ್ಯಾಂಜೊ, ಗಿಟಾರ್, ಮ್ಯಾಂಡೊಲಿನ್, ಆಳೆತ್ತರದ ಬೇಸ್. ನನ್ನದು ಇವರ ಲೆಕ್ಕದಲ್ಲಿ ಫಿಡಲ್.

ಹಾಡು ಶುರುವಾಯಿತು. ಕೇಳಿದ ಹಾಡಲ್ಲ, ವೇಗ ಜಾಸ್ತಿ, ಯಾರ ಮುಂದೆಯೂ ಕಾಗದ ಇಲ್ಲ. ಎದುರಿಗಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಕುರ್ಚಿಯಲ್ಲೇ ಸ್ವಲ್ಪ ವಾಲಿ, ತಮ್ಮ ಎಡಗೈ ಬೆರಳು ನನಗೆ ಕಾಣುವ ಹಾಗೆ ಗಿಟಾರ್ ತಿರುಗಿಸಿದರು. ಜಿ. ಸಿ. ಡಿ. ಮತ್ತೆ ಜಿ. ಮೂರೇ ಮೂರು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಬೆರಳು ಬದಲಾಗುವ ಒಂದು ಕ್ಷಣ ಮೊದಲು ಹುಬ್ಬು ಎತ್ತುತ್ತಿದ್ದರು, ನಾನು ತಯಾರಾಗಲಿ ಅಂತ. ಎರಡು ಗಂಟೆ ಹಾಗೇ ಕೂತಿದ್ದರು. ಆ ಭಂಗಿಯಲ್ಲಿ ಅವರ ಸೊಂಟ ನೋಯುತ್ತಿತ್ತು ಅಂತ ನನಗೆ ಗೊತ್ತಾಗಿದ್ದು ತಿಂಗಳಾದ ಮೇಲೆ.

ನಾನು ಹೇಳಬೇಕಾಗಿರುವುದು ಇದೇ. ಜ್ಯಾಮ್‌ನಲ್ಲಿ ಸಿಗುವ ಸ್ನೇಹ ಬರೀ ಒಳ್ಳೆಯ ಜನರಿಂದ ಬಂದದ್ದಲ್ಲ. ಆ ಸಂಗೀತವನ್ನು ಕಟ್ಟಿರುವ ರೀತಿಯಲ್ಲೇ ಇನ್ನೊಬ್ಬರಿಗೆ ಜಾಗ ಇದೆ.

ನೋಡಿ, ಇಲ್ಲಿ ಡ್ರಮ್ ಇರುವುದಿಲ್ಲ. ಬೇಸ್ 'ಧುಂ' ಅನ್ನುತ್ತದೆ, ಮ್ಯಾಂಡೊಲಿನ್ 'ಚಕ್' ಅನ್ನುತ್ತದೆ. ಆ ಚಕ್‌ಗೆ ಚಾಪ್ ಅಂತಾರೆ. ತಂತಿ ಮೀಟಿದ ಕೂಡಲೇ ಬೆರಳು ಸಡಿಲ ಬಿಟ್ಟು ನಾದ ಅಡಗಿಸುವುದು. ಧುಂ-ಚಕ್, ಧುಂ-ಚಕ್. ತಾಳ ಯಾರೊಬ್ಬರ ಕೈಯಲ್ಲೂ ಇಲ್ಲ, ಎಲ್ಲರೂ ಸೇರಿ ಹೊತ್ತಿರುತ್ತಾರೆ. ಹಾಡುವವರು ನಿಲ್ಲಿಸಿ ಯಾರ ಕಡೆಗೋ ಕಣ್ಸನ್ನೆ ಮಾಡುತ್ತಾರೆ. ಅವರು ಒಂದು ಸುತ್ತು ಒಬ್ಬರೇ ನುಡಿಸಬೇಕು, ಅದಕ್ಕೆ ಬ್ರೇಕ್ ಅಂತಾರೆ. ಆಗ ಉಳಿದ ಹನ್ನೊಂದು ಜನ ದನಿ ತಗ್ಗಿಸುತ್ತಾರೆ. ನಿಮಗೆ ಆಗಲ್ವಾ? 'ಬೇಡ' ಅಂತ ಸನ್ನೆ ಮಾಡಿ, ಸರದಿ ಪಕ್ಕದವರಿಗೆ ಹೋಗುತ್ತದೆ. ಯಾರೂ ನಿಮ್ಮನ್ನು ಬೇರೆ ಥರ ನೋಡುವುದಿಲ್ಲ. ಮುಂದಿನ ಹಾಡಿನಲ್ಲಿ ಮತ್ತೆ ನಿಮ್ಮನ್ನೇ ಕೇಳುತ್ತಾರೆ. ಹಾಡು ಮುಗಿಸಬೇಕೆಂದರೆ ಶುರು ಮಾಡಿದವರು ಒಂದು ಕಾಲು ಮೇಲೆತ್ತುತ್ತಾರೆ. ಅಷ್ಟೇ.

ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದು ಬೇರೆ. ಪೂರ್ತಿ ಬರುವವರೆಗೆ ನಾಲ್ಕು ಜನರ ಮುಂದೆ ನುಡಿಸಬಾರದು. ಆ ಶಿಸ್ತಿನ ಮೇಲೆ ನನಗೆ ಗೌರವ ಇದೆ. ಆದರೆ ಅದರಿಂದಲೇ ಇಪ್ಪತ್ತು ವರ್ಷ ಪೆಟ್ಟಿಗೆ ತೆರೆಯಲಿಲ್ಲ ಅನ್ನುವುದೂ ನಿಜ. ನಮ್ಮೂರಿನ ಭಜನೆ ಮನೆಯಲ್ಲಿ ಮಾತ್ರ ಈ ಅಂಜಿಕೆ ಇರಲಿಲ್ಲ. ಅಲ್ಲಿ ಯಾರು ಬೇಕಾದರೂ ತಾಳ ಹಿಡಿಯಬಹುದಿತ್ತು.

ಈ ಸಂಗೀತ ತುಂಬಾ ಹಳೆಯದೇನಲ್ಲ. ಕೆಂಟಕಿಯ ರೋಸೀನ್ ಅನ್ನುವ ಪುಟ್ಟ ಊರಿನ ಹತ್ತಿರ 1911ರಲ್ಲಿ ಹುಟ್ಟಿದ ಬಿಲ್ ಮನ್ರೋ ತಮ್ಮ ತಂಡಕ್ಕೆ 'ಬ್ಲೂ ಗ್ರಾಸ್ ಬಾಯ್ಸ್' ಅಂತ ಹೆಸರಿಟ್ಟರು. 1945ರ ಕೊನೆಗೆ ಅರ್ಲ್ ಸ್ಕ್ರಗ್ಸ್ ಮೂರು ಬೆರಳಿನ ಬ್ಯಾಂಜೊ ಶೈಲಿಯೊಂದಿಗೆ ಆ ತಂಡ ಸೇರಿದರು. ನಾವಿವತ್ತು ಕೇಳುವ ಬ್ಲೂಗ್ರಾಸ್ ಗಟ್ಟಿಯಾಗಿದ್ದು ಅಲ್ಲಿಂದ. ಆದರೆ ಇದು ವೇದಿಕೆಯಲ್ಲಿ ಮಾತ್ರ ಬದುಕಿದ್ದಲ್ಲ. ಸಂಗೀತದ ಹಬ್ಬಗಳಿಗೆ ಬಂದವರು ಕಾರು ನಿಲ್ಲಿಸಿದ ಜಾಗದಲ್ಲೇ ವಾದ್ಯ ಹೊರತೆಗೆಯುತ್ತಾರೆ. 2013ರಿಂದ 2024ರವರೆಗೆ ಬ್ಲೂಗ್ರಾಸ್‌ನ ದೊಡ್ಡ ವಾರ್ಷಿಕ ಹಬ್ಬ ನಮ್ಮ ರಾಲಿಯಲ್ಲೇ ನಡೆಯುತ್ತಿತ್ತು. ನನಗೆ ಅದರಲ್ಲಿ ಎಲ್ಲಕ್ಕಿಂತ ಇಷ್ಟವಾಗಿದ್ದು ಹೋಟೆಲಿನ ಲಾಬಿಗಳು. ರಾತ್ರಿ ಎಷ್ಟು ಹೊತ್ತಾದರೂ ಮೂಲೆ ಮೂಲೆಯಲ್ಲಿ ಒಂದೊಂದು ಗುಂಪು.

ಇನ್ನೊಂದು ಮಾತು ಹೇಳಲೇಬೇಕು. ಮೊದಲ ದಿನ ಆ ಕೋಣೆಯಲ್ಲಿ ಕಂದು ಮೈಬಣ್ಣದವನು ನಾನೊಬ್ಬನೇ. ಬಾಗಿಲಲ್ಲಿ ಕಾಲು ತಡೆಯಿತು. ಆದರೆ ಈ ಸಂಗೀತ ಬರೀ ಬಿಳಿಯರದ್ದಲ್ಲ. ಬ್ಯಾಂಜೊದ ಬೇರು ಇರುವುದು ಆಫ್ರಿಕಾದಲ್ಲಿ, ಗುಲಾಮರಾಗಿ ಬಂದವರ ಕೈಯಲ್ಲಿ. ಮನ್ರೋ ಹುಡುಗನಾಗಿದ್ದಾಗ ಆರ್ನಲ್ಡ್ ಶಲ್ಟ್ಜ್ ಅನ್ನುವ ಕಪ್ಪು ಸಂಗೀತಗಾರನ ಜೊತೆ ನುಡಿಸಿ ಕಲಿತವರು. ಹಾಗಿದ್ದೂ ಈ ವೃತ್ತಗಳಲ್ಲಿ ಕಪ್ಪು ಜನ ಕಾಣುವುದು ಕಡಿಮೆ. ಗಿಟಾರ್ ತಿರುಗಿಸಿ ಕೂರುವ ಕೆಲಸ ಇನ್ನೂ ಬಹಳ ಬಾಕಿ ಇದೆ ಅಂತ ನನಗನಿಸುತ್ತದೆ.

ನಮ್ಮ ಗುಂಪಿನಲ್ಲಿ ಪಕ್ಕಪಕ್ಕ ಕೂರುವವರ ವೋಟು ಬೇರೆ, ದೇವರು ಬೇರೆ. ಬ್ಯಾಂಜೊ ನುಡಿಸುವಾಕೆ ಯಾವ ಕೆಲಸದಲ್ಲಿದ್ದಾರೆ ಅಂತ ತಿಳಿಯಲು ನನಗೆ ಎಂಟು ತಿಂಗಳು ಬೇಕಾಯಿತು. ಆದರೆ ಅವರು ಬ್ರೇಕ್ ಶುರು ಮಾಡುವ ಮೊದಲು ಉಸಿರು ಹೇಗೆ ತೆಗೆದುಕೊಳ್ಳುತ್ತಾರೆ ಅಂತ ಮೊದಲ ವಾರದಿಂದ ಗೊತ್ತು.

ಅಪ್ಪ ತೀರಿಕೊಂಡಾಗ ಊರಿಗೆ ಹೋಗಿ ಮೂರು ವಾರ ಬಿಟ್ಟು ಬಂದೆ. ಮಂಗಳವಾರ ಹೋಗಿ ಕೂತೆ. ಯಾರೂ ಜಾಸ್ತಿ ಮಾತಾಡಲಿಲ್ಲ. ಆ ಹಿರಿಯರು ನಿಧಾನದ ಒಂದು ವಾಲ್ಟ್ಜ್, ಅಂದರೆ ಮೂರು ಎಣಿಕೆಯ ಹಾಡು, ಎತ್ತಿಕೊಂಡರು. ಬ್ರೇಕ್‌ಗೆ ನನ್ನ ಕಡೆ ಸನ್ನೆ ಮಾಡಿದರು. ನುಡಿಸಿದೆ. ಎರಡನೇ ಸುತ್ತಿಗೂ ನನ್ನ ಕಡೆಗೇ. ಮೂರನೆಯದಕ್ಕೂ. ಅವರ ಕಾಲು ಮೇಲೇಳಲೇ ಇಲ್ಲ. ನಾನು ಬಿಲ್ಲು ಇಳಿಸುವವರೆಗೂ ಅಷ್ಟೂ ಜನ ಮೆತ್ತಗೆ ಧುಂ-ಚಕ್-ಚಕ್ ಹಿಡಿದುಕೊಂಡೇ ಇದ್ದರು.

ಈ ದೇಶದಲ್ಲಿ ಒಂಟಿ ಅನಿಸುತ್ತಿರುವ ಕನ್ನಡಿಗರೇ, ನಿಮ್ಮ ಮನೆಯಲ್ಲಿ ಮುಚ್ಚಿಟ್ಟ ವಾದ್ಯ ಇದ್ದರೆ ತೆಗೆಯಿರಿ. ಹತ್ತಿರದ ವಾದ್ಯದ ಅಂಗಡಿಯಲ್ಲಿ ಜ್ಯಾಮ್ ಯಾವತ್ತು ಅಂತ ಕೇಳಿ. ಹೊರಗಿನ ಸಾಲಿನಲ್ಲಿ ಕೂತು, ಗಿಟಾರ್‌ನವರ ಎಡಗೈ ನೋಡಿ. ಯಾವ ಕೀ, ಅಂದರೆ ಯಾವ ಶ್ರುತಿ, ಅಂತ ಪಕ್ಕದವರನ್ನು ಕೇಳಿ. ಹೆಚ್ಚು ಸಲ 'ಜಿ' ಅಂತಾರೆ.