ಹಳದಿ ಕಂಡ ಕೂಡಲೇ ಚೆಲ್ಲಬೇಡಿ

ಕೇಳುಗರಿಗೆ ನಮಸ್ಕಾರ.

ಆರತಿ ತಟ್ಟೆಯ ನೀರನ್ನು ನೀವೆಲ್ಲ ನೋಡಿದ್ದೀರಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಸಾಕು, ಕೆಂಪಾಗುತ್ತದೆ. ಅದಕ್ಕೇ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಜೀವಕೋಶಗಳನ್ನು ಬೆಳೆಸುವ ಲ್ಯಾಬ್‌ನಲ್ಲೂ ದಿನಾ ಇದೇ ನಡೆಯುತ್ತದೆ. ಅಲ್ಲಿ ಅರಿಶಿನದ ಜಾಗದಲ್ಲಿ ಫಿನಾಲ್ ರೆಡ್ ಅನ್ನುವ ಬಣ್ಣ ಇರುತ್ತದೆ.

ಜೀವಕೋಶಗಳಿಗೆ ಊಟವಾಗುವ ದ್ರವವನ್ನು ನಾವು ಮೀಡಿಯಾ ಅಂತೀವಿ. ಸಕ್ಕರೆ, ಉಪ್ಪು, ಅಮೈನೋ ಆಮ್ಲ, ವಿಟಮಿನ್ ಎಲ್ಲ ಅದರಲ್ಲೇ. ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆಗೆ ಪಿಎಚ್ ಅಂತೀವಿ. ಅದು 7.4ರ ಆಸುಪಾಸಿನಲ್ಲಿದ್ದರೆ ಮೀಡಿಯಾ ಕೆಂಪು. 7ಕ್ಕೆ ಇಳಿದರೆ ಕಿತ್ತಳೆ, 6.8ರ ಕೆಳಗೆ ಹಳದಿ. 8 ದಾಟಿದರೆ ಬೀಟ್ರೂಟ್ ನೀರಿನ ಹಾಗೆ ಗಾಢ ಗುಲಾಬಿ.

ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಸೋಮವಾರ ಬೆಳಗ್ಗೆ ಇನ್ಕ್ಯುಬೇಟರ್, ಅಂದರೆ ಜೀವಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಬಾಗಿಲು ತೆಗೆದರೆ, ಶುಕ್ರವಾರ ಕೆಂಪಗಿದ್ದ ಫ್ಲಾಸ್ಕ್ ಪೂರ್ತಿ ಹಳದಿ. ಬ್ಯಾಕ್ಟೀರಿಯಾ ಹೊಕ್ಕಿತು ಅಂತ ಎದೆ ಧಸಕ್ಕೆಂದಿತು. ಬ್ಲೀಚ್ ಹಾಕಿ ಚೆಲ್ಲಲು ಹೊರಟೆ. ನಮ್ಮ ಹಿರಿಯ ಸಹೋದ್ಯೋಗಿ ತಡೆದರು. ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು, "ಬಣ್ಣ ಹಾಗಿರಲಿ ಬಿಡಮ್ಮ. ಮೊದಲು ತಿಳಿಯಾಗಿದೆಯಾ, ಕದಡಿದೆಯಾ ನೋಡು" ಅಂದರು. ತಿಳಿಯಾಗಿತ್ತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತಳದ ತುಂಬ ಜೀವಕೋಶಗಳು, ಒಂದಕ್ಕೊಂದು ಒತ್ತಿಕೊಂಡು, ಎಳ್ಳು ಬೀಳಲೂ ಜಾಗವಿಲ್ಲ. ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಟ್ಟಿದ್ದವು, ಅಷ್ಟೇ. ಹೊಸ ಮೀಡಿಯಾ ಹಾಕಿ ನಾಲ್ಕು ಫ್ಲಾಸ್ಕಿಗೆ ಹಂಚಿದೆವು. ಮರುದಿನ ಚೆನ್ನಾಗಿ ತಳ ಹಿಡಿದು ಕೂತಿದ್ದವು.

ಹಾಗಂತ ಹಳದಿಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಬೆಳಗಾಗುವುದರೊಳಗೆ ಹಳದಿಯಾಗಿ, ಅಕ್ಕಿ ತೊಳೆದ ನೀರಿನಂತೆ ಮಂಕಾಗಿದ್ದರೆ ಅದು ಬಹುತೇಕ ಬ್ಯಾಕ್ಟೀರಿಯಾದ ಕೆಲಸವೇ. ಅಂಥ ಫ್ಲಾಸ್ಕಿನ ಮುಚ್ಚಳ ತೆಗೆಯಲೇಬೇಡಿ. ಹಾಗೇ ಹೊರಗೆ ಒಯ್ಯಿರಿ.

ಗುಲಾಬಿಯ ಕಥೆ ಬೇರೆ. ಮೀಡಿಯಾದಲ್ಲಿ ಬೈಕಾರ್ಬೊನೇಟ್ ಇರುತ್ತದೆ. ಇನ್ಕ್ಯುಬೇಟರಿನ ಗಾಳಿಯಲ್ಲಿ ಸಾಮಾನ್ಯವಾಗಿ ಶೇ. 5ರಷ್ಟು ಇಂಗಾಲದ ಡೈಆಕ್ಸೈಡ್. ಎರಡೂ ಸೇರಿ ಪಿಎಚ್ ಹಿಡಿದಿಡುತ್ತವೆ. ಸೋಡಾ ಬಾಟಲಿ ತೆರೆದಿಟ್ಟರೆ ಗ್ಯಾಸ್ ಹೋಗಿ ಸಪ್ಪೆಯಾಗುತ್ತದಲ್ವಾ? ಇಲ್ಲೂ ಗ್ಯಾಸ್ ಹೋದರೆ ಆಮ್ಲ ಕಡಿಮೆಯಾಗಿ ಗುಲಾಬಿ ಬರುತ್ತದೆ. ಫ್ರಿಜ್‌ನಲ್ಲಿಟ್ಟು ಮತ್ತೆ ಮತ್ತೆ ತೆರೆದ ಬಾಟಲಿ ಹಾಗಾಗುವುದು ಇದಕ್ಕೇ. ಒಂದೇ ಫ್ಲಾಸ್ಕ್ ಗುಲಾಬಿಯಾಗಿದ್ದರೆ ಮುಚ್ಚಳ ತುಂಬಾ ಬಿಗಿಯಾಗಿ ಗ್ಯಾಸ್ ಒಳಗೆ ಹೋಗುತ್ತಿಲ್ಲವೇನೋ ನೋಡಿ. ಎಲ್ಲವೂ ಆಗಿದ್ದರೆ ಸಿಲಿಂಡರ್ ಖಾಲಿಯೇ ನೋಡಿ. ಕೆಲವು ಬೂಷ್ಟುಗಳೂ ಪಿಎಚ್ ಏರಿಸುತ್ತವೆ.

ಈ ಬಣ್ಣವೇ ಸುಮ್ನೆ ಕೂರುವುದಿಲ್ಲ ಅನ್ನುವುದೂ ಗೊತ್ತಿರಲಿ. ಸ್ತನ ಕ್ಯಾನ್ಸರಿನ ಜೀವಕೋಶಗಳ ಮೇಲೆ ಫಿನಾಲ್ ರೆಡ್ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಥರ ವರ್ತಿಸುತ್ತದೆ ಅಂತ 1986ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಅದರಲ್ಲಿ ಬೆರೆತಿದ್ದ ಕಲ್ಮಶ ಇದಕ್ಕೆ ಕಾರಣ ಅಂತ ಆಮೇಲೆ ತಿಳಿಯಿತು. ಹಾರ್ಮೋನ್ ಕೆಲಸಕ್ಕೆ ಬಣ್ಣವಿಲ್ಲದ ಮೀಡಿಯಾ ಬಳಸುವುದು ಅದಕ್ಕೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಮೈಕೋಪ್ಲಾಸ್ಮಾ ಅನ್ನುವ ತೀರಾ ಸಣ್ಣ ಬ್ಯಾಕ್ಟೀರಿಯಾದ್ದು. ಅದು ಹೊಕ್ಕರೂ ಮೀಡಿಯಾ ಕದಡುವುದಿಲ್ಲ, ಬಣ್ಣವೂ ಸಾಮಾನ್ಯವಾಗಿ ಕೆಡುವುದಿಲ್ಲ. ನಾವು ದಿನಾ ನೋಡುವ ಮೈಕ್ರೋಸ್ಕೋಪಿಗೂ ಕಾಣುವುದಿಲ್ಲ. ಆದರೆ ಜೀವಕೋಶಗಳ ನಡತೆಯನ್ನೇ ಬದಲಿಸಿಬಿಡುತ್ತದೆ. ಅದಕ್ಕೇ ಮೀಡಿಯಾ ಎಷ್ಟೇ ಚೆಂದದ ಕೆಂಪಗಿದ್ದರೂ, ನಾವು ತಿಂಗಳಿಗೊಮ್ಮೆ ಪಿಸಿಆರ್, ಅಂದರೆ ಅದರ ಡಿಎನ್‌ಎ ಹುಡುಕುವ ಪರೀಕ್ಷೆ ಮಾಡುತ್ತೇವೆ.

ನಮಸ್ಕಾರ.