ಅರ್ಧಕ್ಕೆ ನಿಂತ ಶರ್ಮನ್

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಒಂದು ರಟ್ಟಿನ ಪೆಟ್ಟಿಗೆ ಮಲಗಿತ್ತು. ಕಾಲೇಜಿನ ದಿನಗಳಲ್ಲಿ ನಾನು ಅರ್ಧ ಜೋಡಿಸಿ ಕೈಬಿಟ್ಟಿದ್ದ ಶರ್ಮನ್ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿ ಅದರಲ್ಲಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಕಾರ್ಖಾನೆಗಳಿಂದ ಸಾವಿರಾರು ಸಂಖ್ಯೆಯಲ್ಲಿ ಹೊರಬಂದ ಆ ಟ್ಯಾಂಕಿನ ಎಂ4ಎ3 ಎಂಬ ಬಗೆ ಅದು. ಕಳೆದ ಮಳೆಗಾಲದಲ್ಲಿ ಪೆಟ್ಟಿಗೆ ತೆರೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಟ್ಯಾಂಕಿನ ಎಡಮಗ್ಗುಲಿನಲ್ಲಿ, ಒಣಗಿದ ಅಂಟಿನ ಮೇಲೆ, ಗೆರೆಗೆರೆಯಾಗಿ ಅಚ್ಚೊತ್ತಿದ್ದ ನನ್ನದೇ ಹೆಬ್ಬೆರಳಿನ ಗುರುತು. ಅದನ್ನು ಉಜ್ಜಿ ತೆಗೆಯಲು ಕುಳಿತವನು ನಾಲ್ಕು ತಿಂಗಳು ಆ ಮೇಜು ಬಿಟ್ಟು ಏಳಲಿಲ್ಲ.

ಈ ಮಾದರಿಯ ಅಳತೆ ಮೂವತ್ತೈದರಲ್ಲಿ ಒಂದು. ಈ ವಿಚಿತ್ರ ಅಳತೆಗೂ ಒಂದು ಕಾರಣವಿದೆ. 1960ರ ದಶಕದ ಆರಂಭದಲ್ಲಿ ಜಪಾನಿನ ಶಿಜುವೊಕಾ ನಗರದ ತಮಿಯಾ ಕಂಪನಿಯು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಮಾಡುವಾಗ, ಒಳಗೆ ಮೋಟಾರನ್ನೂ ಎರಡು ಬ್ಯಾಟರಿಗಳನ್ನೂ ಕೂರಿಸಲು ಎಷ್ಟು ಜಾಗ ಬೇಕೋ ಅಷ್ಟು ದೊಡ್ಡದಾಗಿ ಒಡಲನ್ನು ಮಾಡಿತು. ಆಮೇಲೆ ಲೆಕ್ಕ ಹಾಕಿ ನೋಡಿದಾಗ ಅದು ಸುಮಾರು ಮೂವತ್ತೈದನೆಯ ಒಂದು ಪಾಲಾಗಿತ್ತು. ಇಂದು ಜಗತ್ತಿನ ಬಹಳಷ್ಟು ಟ್ಯಾಂಕ್ ಮಾದರಿಗಳು ಅದೇ ಅಳತೆಯಲ್ಲಿ ಬರುತ್ತವೆ. ಓಡುವ ಆಟಿಕೆಗಳಾಗಿದ್ದ ಕಾಲದ ಗುರುತಾಗಿ, ಬಿಡಿಭಾಗಗಳನ್ನು ಜೋಡಿಸಿ ಮಾಡುವ ಹಳೆಯ ಎಷ್ಟೋ ಕಿಟ್‌ಗಳ ತಳದಲ್ಲಿ ಮೋಟಾರಿನ ಸ್ವಿಚ್ಚಿಗೆಂದು ಬಿಟ್ಟ ತೂತುಗಳು ಹಾಗೆಯೇ ಉಳಿದಿವೆ. ಅವನ್ನು ಪ್ಲಾಸ್ಟಿಕ್ ಹಾಳೆಯ ತುಂಡಿನಿಂದ ಮುಚ್ಚಿ, ಪುಟ್ಟಿ ಹಚ್ಚಿ, ನೀರಿನಲ್ಲಿ ನೆನೆಸಿ ಬಳಸುವ ಉಜ್ಜುಕಾಗದದಿಂದ ಉಜ್ಜಿದರೆ ಆಯಿತು.

ನನ್ನ ಮಾದರಿಯ ನಿಜವಾದ ಹಾನಿ ಚಕ್ರಗಳಲ್ಲಿತ್ತು. ಮೆತ್ತನೆಯ ವಿನೈಲಿನ ಟ್ರ್ಯಾಕನ್ನು, ಅಂದರೆ ಟ್ಯಾಂಕಿನ ಚಕ್ರಗಳನ್ನು ಸುತ್ತುವರಿಯುವ ಪಟ್ಟಿಯನ್ನು, ಅಂದೇ ಚಕ್ರಗಳ ಸುತ್ತ ತೊಡಿಸಿಟ್ಟಿದ್ದೆ. ವಿನೈಲ್ ಬಾಗಲಿ ಎಂದು ಅದಕ್ಕೆ ಬೆರೆಸಿದ ಎಣ್ಣೆಯಂಥ ಪದಾರ್ಥವು ವರ್ಷಗಟ್ಟಲೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೆ ತಾಗಿಕೊಂಡಿದ್ದರೆ ಅದನ್ನು ಮೆಲ್ಲಗೆ ಕರಗಿಸಿಬಿಡುತ್ತದೆ. ಟ್ರ್ಯಾಕನ್ನು ಬಿಡಿಸಿದಾಗ ಬೆಲ್ಲದ ಅಚ್ಚಿನಂತೆ ಅದರ ಪ್ರತಿಯೊಂದು ಕೊಂಡಿಯೂ ಚಕ್ರದ ಅಂಚಿನಲ್ಲಿ ಕುಳಿ ಮಾಡಿತ್ತು. ಕುಳಿಗಳನ್ನು ತುಂಬಿ, ಒಂದೊಂದೇ ಚಕ್ರವನ್ನು ಕಡ್ಡಿಗೆ ಸಿಕ್ಕಿಸಿ ತಿರುಗಿಸುತ್ತಾ ಉಜ್ಜಿ ದುಂಡಗೆ ಮಾಡುವುದಕ್ಕೇ ಮೂರು ವಾರ ಹಿಡಿಯಿತು. ಹಳೆಯ ಕಿಟ್ ಇಟ್ಟುಕೊಂಡಿರುವ ಕೇಳುಗರು ಇದ್ದರೆ ದಯವಿಟ್ಟು ಟ್ರ್ಯಾಕನ್ನು ಇಂದೇ ಬೇರೆ ಚೀಲಕ್ಕೆ ಹಾಕಿಡಿ.

ಇನ್ನು ಮಾದರಿಯನ್ನು ಉತ್ತಮಗೊಳಿಸುವ ಕೆಲಸ. ಇಲ್ಲಿ ಏನನ್ನು ತಿದ್ದಬೇಕು ಎಂಬುದನ್ನು ಕಿಟ್ ಹೇಳುವುದಿಲ್ಲ. ನಿಜವಾದ ಟ್ಯಾಂಕನ್ನು ಯಾವ ಉಕ್ಕಿನಿಂದ, ಯಾವ ರೀತಿಯಲ್ಲಿ ಕಟ್ಟಿದ್ದರು ಎಂಬ ತಿಳಿವಳಿಕೆ ಹೇಳುತ್ತದೆ. ಎಂ4ಎ3ರ ಒಡಲನ್ನು ಚಪ್ಪಟೆಯಾದ ಉಕ್ಕಿನ ಹಲಗೆಗಳನ್ನು ವೆಲ್ಡಿಂಗ್ ಮಾಡಿ ಕೂಡಿಸಿದ್ದರು. ಆದರೆ ಮೇಲಿನ ತಿರುಗುಗೋಪುರ, ಮುಂಭಾಗದ ದುಂಡು ಮೂತಿ ಮತ್ತು ಚಕ್ರಗಳನ್ನು ಹಿಡಿದ ಆಧಾರಗಳು ಎರಕದವು. ಎರಕದ ಉಕ್ಕಿನ ಮೈ ಒರಟಾಗಿರುತ್ತದೆ. ನನ್ನ ಕಿಟ್‌ನಲ್ಲಿ ಗೋಪುರವೂ ಒಡಲೂ ಒಂದೇ ಸಮನೆ ನುಣುಪಾಗಿದ್ದವು. ಹೀಗಾಗಿ ಪುಟ್ಟಿಯನ್ನು ತೆಳುವಾಗಿ ಕಲಸಿ ಗೋಪುರಕ್ಕೆ ಬಳಿದು, ಅದು ಹಸಿಯಾಗಿರುವಾಗಲೇ ಸವೆದ ಗಡುಸು ಬ್ರಶ್ಶಿನ ತುದಿಯಿಂದ ಮೃದುವಾಗಿ ಕುಟ್ಟುತ್ತಾ ಹೋದೆ. ಒಣಗಿದ ಮೇಲೆ ಉಬ್ಬುಗಳ ನೆತ್ತಿಯನ್ನಷ್ಟೇ ಉಜ್ಜಿದೆ. ಕೈ ಹಿಡಿತದಲ್ಲಿರಬೇಕು, ಏಕೆಂದರೆ ಮಾದರಿಯ ಒಂದು ಮಿಲಿಮೀಟರ್ ನಿಜದ ಮೂರೂವರೆ ಸೆಂಟಿಮೀಟರ್. ಎರಕದ ಮೈ ಹಲಸಿನ ಸಿಪ್ಪೆಯಂತಾದರೆ ಕೆಟ್ಟಿತೆಂದೇ ಲೆಕ್ಕ. ಕಿತ್ತಳೆಯ ಸಿಪ್ಪೆಗಿಂತಲೂ ನಯವಾಗಿರಬೇಕು.

ವೆಲ್ಡಿಂಗ್ ಗೆರೆಗಳನ್ನು ಮೂಡಿಸುವ ಉಪಾಯ ನನಗೆ ಬಹಳ ಪ್ರಿಯವಾದದ್ದು. ಕಿಟ್‌ನ ಬಿಡಿಭಾಗಗಳನ್ನು ಹಿಡಿದಿರುವ ಚೌಕಟ್ಟಿನ ಕಡ್ಡಿಯೊಂದನ್ನು ಮೇಣದ ಬತ್ತಿಯ ಜ್ವಾಲೆಯ ಮೇಲೆ, ತಾಗದಂತೆ, ತಿರುಗಿಸುತ್ತಾ ಹಿಡಿದರೆ ಅದು ಮೆತ್ತಗಾಗುತ್ತದೆ. ಆಗ ಎರಡೂ ತುದಿಗಳನ್ನು ಎಳೆದರೆ ದಾರದಷ್ಟು ಸಣ್ಣ ಎಳೆ ಸಿಗುತ್ತದೆ. ಹಲಗೆಗಳು ಕೂಡುವ ಮೂಲೆಯಲ್ಲಿ ಆ ಎಳೆಯನ್ನು ಇರಿಸಿ, ತೆಳುವಾದ ಅಂಟನ್ನು ಎರಡು ಮೂರು ಸಲ ಸವರಿ, ಅದು ಬೆಂದ ಶಾವಿಗೆಯಷ್ಟು ಮೆತ್ತಗಾದಾಗ ಚಾಕುವಿನ ಅಂಚಿನಿಂದ ಒತ್ತೊತ್ತಾಗಿ ಗುರುತು ಮಾಡುತ್ತಾ ಹೋಗಬೇಕು. ಒಣಗಿದ ಮೇಲೆ ವೆಲ್ಡರ್ ಹಂತಹಂತವಾಗಿ ಕೈ ಸರಿಸಿದ ಗುರುತುಗಳೇ ಅಲ್ಲಿ ಕಾಣುತ್ತವೆ.

ಅಳತೆಯ ಲೆಕ್ಕ ಬೇರೆ ತಿದ್ದುಪಡಿಗಳಿಗೂ ದಾರಿ ತೋರುತ್ತದೆ. ಕಿಟ್‌ನಲ್ಲಿ ಒಂದು ಮಿಲಿಮೀಟರ್ ದಪ್ಪವಿದ್ದ ಹಿಡಿಕೆಗಳು ನಿಜದಲ್ಲಿ ಮೂರೂವರೆ ಸೆಂಟಿಮೀಟರ್ ದಪ್ಪದ ದೊಣ್ಣೆಗಳಾಗುತ್ತವೆ. ಅವನ್ನು ಕೆತ್ತಿ ತೆಗೆದು ತೆಳುವಾದ ತಾಮ್ರದ ತಂತಿಯನ್ನು ಬಾಗಿಸಿ ಕೂರಿಸಿದೆ. ಎಪ್ಪತ್ತೈದು ಮಿಲಿಮೀಟರ್ ಫಿರಂಗಿಯ ಬಾಯಿ ಈ ಅಳತೆಯಲ್ಲಿ ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು. ಮುಚ್ಚಿಕೊಂಡಿದ್ದ ನಳಿಗೆಯ ನಡುಬಿಂದುವನ್ನು ಸೂಜಿಯಿಂದ ಗುರುತಿಸಿ, ಸಣ್ಣ ಡ್ರಿಲ್ ಬಿಟ್‌ನಿಂದ ತೊಡಗಿ ಎರಡು ಮಿಲಿಮೀಟರಿನವರೆಗೆ ಕೈಯಲ್ಲೇ ತಿರುಗಿಸಿ ಕೊರೆದೆ. ಟ್ರ್ಯಾಕಿನ ಮೇಲಕ್ಕೆ ಚಾಚಿಕೊಂಡಿರುವ ಒಡಲಿನ ಅಡಿಭಾಗ ಹಳೆಯ ಹಲವು ಕಿಟ್‌ಗಳಲ್ಲಿ ಬರಿದಾಗಿ ತೆರೆದಿರುತ್ತದೆ. ಮೊದಮೊದಲ ಶರ್ಮನ್‌ಗಳಲ್ಲಿ ಸಿಪಾಯಿಗಳು ಮದ್ದುಗುಂಡುಗಳನ್ನು ಇಡುತ್ತಿದ್ದ ಜಾಗ ಅದು. ಅದಕ್ಕೆ ತಳವೇ ಇಲ್ಲದಿರುವುದನ್ನು ನನ್ನಿಂದ ಸಹಿಸಲಾಗಲಿಲ್ಲ, ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮುಚ್ಚಿದೆ.

ಪ್ರೈಮರ್ ಹೊಡೆದು, ಆಲಿವ್ ಹಸಿರನ್ನು ತುಸು ತಿಳಿಗೊಳಿಸಿ ತೆಳುವಾಗಿ ಹಲವು ಸಲ ಬಳಿದೆ. ಮಾದರಿಯ ಮೇಲೆ ಅಂಟಿಸುವ ಗುರುತುಗಳ ಹಾಳೆಯಾದ ಡೆಕಾಲ್ ಹಳದಿ ತಿರುಗಿತ್ತು. ಅದನ್ನು ಕಿಟಕಿಯ ಗಾಜಿಗೆ ಅಂಟಿಸಿ ಕೆಲವು ವಾರ ಬಿಸಿಲು ತೋರಿಸಿದಾಗ ಬಿಳಿ ನಕ್ಷತ್ರಗಳು ಮತ್ತೆ ಬಿಳುಪಾದವು.

ಯಾವ ಪಡೆಯ ಟ್ಯಾಂಕು ಎಂಬ ಗುರುತು ಹಾಕುವ ಹೊತ್ತಿಗೆ ಮಾತ್ರ ನಾನು ಬಹಳ ತಡೆದೆ. 1945ರಲ್ಲಿ ಬರ್ಮಾದ ಮೀಕ್ಟಿಲಾ ಕಾಳಗದಲ್ಲಿ ನಮ್ಮ ಪ್ರೋಬಿನ್ಸ್ ಹಾರ್ಸ್ ಮತ್ತು ರಾಯಲ್ ಡೆಕ್ಕನ್ ಹಾರ್ಸ್ ಎಂಬ ಟ್ಯಾಂಕ್ ಪಡೆಗಳು ಶರ್ಮನ್‌ಗಳನ್ನೇ ಓಡಿಸಿದ್ದವು. ಆ ಭಾರತೀಯ ಸವಾರರ ಗುರುತನ್ನೇ ಇದಕ್ಕೆ ಹಾಕಬೇಕೆಂಬುದು ನನ್ನ ಬಹುಕಾಲದ ಆಸೆ. ಆದರೆ ಅವರ ಬಳಿ ಇದ್ದದ್ದು ಎಂ4ಎ4. ಐದು ಎಂಜಿನ್‌ಗಳನ್ನು ಒಂದಾಗಿ ಕೂಡಿಸಿದ ಮೂವತ್ತು ಸಿಲಿಂಡರಿನ ಯಂತ್ರಕ್ಕೆ ಜಾಗ ಮಾಡಲು ಅದರ ಒಡಲನ್ನು ಸುಮಾರು ಹನ್ನೊಂದು ಅಂಗುಲ ಉದ್ದ ಮಾಡಿದ್ದರು. ಚಕ್ರಗಳ ಜೋಡಿಗಳ ನಡುವಿನ ಅಂತರವೂ ಹೆಚ್ಚು. ಬಣ್ಣ ಬಳಿದ ಮಾತ್ರಕ್ಕೆ ನನ್ನ ಎಂ4ಎ3 ಮೀಕ್ಟಿಲಾದ ಟ್ಯಾಂಕಾಗುವುದಿಲ್ಲ. ಇದು ಅಮೆರಿಕದ ಸೇನೆಯ ಟ್ಯಾಂಕಾಗಿಯೇ ಮುಗಿಯಿತು. ಮೀಕ್ಟಿಲಾದ್ದು ಬೇಕೆಂದರೆ ಇನ್ನೊಂದು ಹಳೆಯ ಕಿಟ್‌ನ ಒಡಲನ್ನು ಗರಗಸದಿಂದ ಕೊಯ್ದು, ನಡುವೆ ಎಂಟು ಮಿಲಿಮೀಟರ್ ಸೇರಿಸಿ, ಚಕ್ರಗಳನ್ನು ಸರಿಸಿ ಕೂರಿಸಬೇಕು. ಅದಕ್ಕೆ ಬೇಕಾದ ಪ್ಲಾಸ್ಟಿಕ್ ಹಾಳೆಯನ್ನು ಹೋದ ವಾರವೇ ತಂದಿಟ್ಟಿದ್ದೇನೆ.

ನಮಸ್ಕಾರ.